ಒಂದೇ ಗುಹೆ, ಎರಡು ಸಿನಿಮಾ

ಪ್ರೀತಿಯ ಮಗಳೇ,

ನಿಮ್ಮ ಫಿಲ್ಮ್ ಕ್ಲಬ್ಬಿಗೆ ಹಳೆಯ, ಅಗ್ಗದ ಸೈ-ಫೈ ಚಿತ್ರ ಯಾವುದು ಹಾಕಲಿ ಅಂತ ಕೇಳಿದ್ದೆಯಲ್ಲ, ಒಂದಲ್ಲ, ಎರಡು ಹಾಕು. 1953ರ ‘ರೋಬೋಟ್ ಮಾನ್‌ಸ್ಟರ್’, 1956ರ ‘ಇನ್ವೇಷನ್ ಆಫ್ ದ ಬಾಡಿ ಸ್ನ್ಯಾಚರ್ಸ್’. ಲಾಸ್ ಏಂಜಲೀಸಿನ ಬ್ರಾನ್ಸನ್ ಕಣಿವೆಯ ಗುಹೆ ಎರಡರಲ್ಲೂ ಬರುತ್ತದೆ. ಒಂದರಲ್ಲಿ ಜನ ಬಿದ್ದುಬಿದ್ದು ನಗುತ್ತಾರೆ, ಇನ್ನೊಂದರಲ್ಲಿ ಉಸಿರು ಹಿಡಿಯುತ್ತಾರೆ.

ಮೊದಲನೆಯದರ ಭಯ ಸಣ್ಣದೇನಲ್ಲ. 1952ರ ನವೆಂಬರಿನಲ್ಲಿ ಅಮೆರಿಕ ಹೈಡ್ರೋಜನ್ ಬಾಂಬ್ ಸಿಡಿಸಿತ್ತು. ಈ ಚಿತ್ರದಲ್ಲಿ ಭೂಮಿಯ ಮೇಲೆ ಉಳಿದವರು ಬೆರಳೆಣಿಕೆಯ ಮಂದಿ. ಆದರೆ ರಾಕ್ಷಸನಿಗೆ ತೊಡಿಸಲು ರೋಬೋಟ್ ಉಡುಪಿಗೆ ಕಾಸಿರಲಿಲ್ಲ. ಗೊರಿಲ್ಲಾ ವೇಷ ಸ್ವಂತಕ್ಕಿದ್ದ ಜಾರ್ಜ್ ಬ್ಯಾರೋಸ್‌ನನ್ನು ಕರೆದು ತಲೆಗೊಂದು ಹೆಲ್ಮೆಟ್ ಸಿಕ್ಕಿಸಿದರು. ಕೆಟ್ಟಿದ್ದು ಬರೀ ವೇಷದಿಂದಲ್ಲ. ಹಾಡುಹಗಲಲ್ಲಿ, ತಲೆಯಿಂದ ಕಾಲಿನವರೆಗೆ, ಅವನು ಬೆಟ್ಟ ಹತ್ತಿ ಇಳಿಯುವುದನ್ನೇ ತೋರಿಸುತ್ತಾರೆ. ನೋಡುವವರಿಗೆ ಹೊಲಿಗೆ ಹುಡುಕಲು ಪುರಸೊತ್ತು ಸಿಗುತ್ತದೆ.

‘ಬಾಡಿ ಸ್ನ್ಯಾಚರ್ಸ್’ ನಿರ್ದೇಶಕ ಡಾನ್ ಸೀಗಲ್ ಬಳಿಯೂ ದುಡ್ಡು ಕಮ್ಮಿಯೇ. ಅವನು ರಾಕ್ಷಸನನ್ನೇ ಕೈಬಿಟ್ಟ. ಬಾಹ್ಯಾಕಾಶದಿಂದ ಬಂದ ಬೀಜಕೋಶಗಳು ಮಲಗಿದವರ ತದ್ರೂಪ ತಾಳುತ್ತವೆ. ಎದ್ದವರಲ್ಲಿ ಭಾವನೆ ಇರುವುದಿಲ್ಲ. ವಿಲ್ಮಾ ಎಂಬಾಕೆ, ಇವರು ನಮ್ಮ ಐರಾ ಮಾಮನೇ ಅಲ್ಲ ಅನ್ನುತ್ತಾಳೆ. ಮಾತು, ನೆನಪು, ರೂಪ ಎಲ್ಲ ಅದೇ, ಕಣ್ಣಲ್ಲಿದ್ದ ಏನೋ ಒಂದು ಮಾತ್ರ ಇಲ್ಲ. ಅಷ್ಟು ಹೊತ್ತೂ ಆ ಮಾಮ ಅಂಗಳದಲ್ಲಿ ಹುಲ್ಲು ಕತ್ತರಿಸುತ್ತಿರುತ್ತಾನೆ. ಖರ್ಚು ಒಂದು ಹುಲ್ಲಿನ ಯಂತ್ರ. ಇನ್ನು ಗುಹೆ: ನಾಯಕ ಮೈಲ್ಸ್, ಅವನ ಪ್ರೇಯಸಿ ಬೆಕಿ ಅಲ್ಲಿ ಅಡಗಿರುತ್ತಾರೆ, ಅವಳಿಗೆ ಜೊಂಪು ಹತ್ತುತ್ತದೆ, ಅವನು ಮುತ್ತಿಡುತ್ತಾನೆ. ಕ್ಯಾಮೆರಾ ಅವಳ ಮುಖಕ್ಕೆ ತೀರ ಹತ್ತಿರ. ಕಣ್ಣು ತೆರೆಯುತ್ತವೆ, ಅವಳಿಲ್ಲ. ಮೇಕಪ್ಪಿಲ್ಲ, ಟ್ರಿಕ್ಕಿಲ್ಲ. ಇಡೀ ಚಿತ್ರದಲ್ಲಿ ನನಗೆ ಇದಕ್ಕಿಂತ ಭಯಾನಕವಾದದ್ದು ಕಂಡಿಲ್ಲ.

ಚರ್ಚೆಯಲ್ಲಿ ಯಾರಾದರೂ ‘ಇದು ಕಮ್ಯುನಿಸ್ಟರ ಭಯ’ ಅಂದೇ ಅನ್ನುತ್ತಾರೆ. ಇನ್ನೊಬ್ಬರು ‘ಅಲ್ಲ, ಕಮ್ಯುನಿಸ್ಟರ ಬೇಟೆಗೆ ಹೊರಟ ಸೆನೆಟರ್ ಮೆಕಾರ್ಥಿ ಕಾಲದ ಹೌದಪ್ಪಗಳ ಭಯ’ ಅನ್ನುತ್ತಾರೆ. ತೀರ್ಪು ಕೊಡಲು ಹೋಗಬೇಡ, ಯಾವ ದೃಶ್ಯ ನೋಡಿ ಹಾಗನ್ನುತ್ತೀರಿ ಅಂತ ಕೇಳು. ಬೆಳಗಿನ ಹೊತ್ತು ಊರ ಚೌಕಕ್ಕೆ ಲಾರಿಗಳು ಬರುತ್ತವೆ, ಜನ ನೂಕುನುಗ್ಗಲಿಲ್ಲದೆ ಬೀಜಕೋಶ ಹಂಚಿಕೊಂಡು ಹೊರಡುತ್ತಾರೆ. ಆ ಶಿಸ್ತು ಎರಡು ವಾದಕ್ಕೂ ಹೊಂದುತ್ತದೆ. ಗೊರಿಲ್ಲಾಗೆ ಹಾಗೆ ಎರಡರ್ಥ ಹೊರಿಸಲು ಆಗುವುದಿಲ್ಲ.

ಹಾಕುವಾಗ ಎರಡು ವಿಷಯ ಗಮನಿಸು. ಸೀಗಲ್‌ನದು ಸೂಪರ್‌ಸ್ಕೋಪ್ ಎಂಬ ಅಗಲ ಪರದೆಯ ಚಿತ್ರ, ಅಗಲ ಎತ್ತರದ ಎರಡರಷ್ಟು. ಟಿವಿಗೆಂದು ಪಕ್ಕ ಕತ್ತರಿಸಿದ ಪ್ರತಿ ತರಬೇಡ, ಗುಂಪಿನ ದೃಶ್ಯದಲ್ಲಿ ಅಂಚಿನವರೇ ಮಾಯ. ಕಪ್ಪುಬಿಳುಪಿಗೆ ಆಮೇಲೆ ಬಣ್ಣ ಬಳಿದ ಪ್ರತಿಯೂ ಬೇಡ. ‘ರೋಬೋಟ್’ ಮೊದಲು ಹಾಕಿದರೆ ನಡುವೆ ಕಾಲು ಗಂಟೆ ಬಿಡುವು ಕೊಡು, ಇಲ್ಲದಿದ್ದರೆ ಅದೇ ನಗು ಬೀಜಕೋಶದ ಮೇಲೂ ಹರಿದುಬರುತ್ತದೆ.

ಸೀಗಲ್ ಚಿತ್ರ ಮುಗಿಸಲು ಬಯಸಿದ್ದು ಹೆದ್ದಾರಿಯಲ್ಲಿ, ಮೈಲ್ಸ್ ಕ್ಯಾಮೆರಾ ಕಡೆ ಕೈತೋರಿ ಕೂಗುವಲ್ಲಿ. ಚಿತ್ರದ ಮೊದಲಿಗೂ ಕೊನೆಗೂ ಬರುವ ಆಸ್ಪತ್ರೆಯ ದೃಶ್ಯಗಳು ಸ್ಟುಡಿಯೋದವರ ಒತ್ತಾಯಕ್ಕೆ ಸೇರಿದ್ದು. ಹೆದ್ದಾರಿಯಲ್ಲಿ ಒಮ್ಮೆ ನಿಲ್ಲಿಸಿ, ಮುಂದೇನು ಅಂತ ಕೇಳು. ಆಮೇಲೆ ಎಫ್‌ಬಿಐಗೆ ಫೋನ್ ಮಾಡುವ ಆ ಕೊನೆಯನ್ನು ತೋರಿಸು.

ನಿನ್ನ ಅಪ್ಪ