ಕೇಳುವ ವಯಸ್ಸಿಗೆ ಒಂದು ವರ್ಷ: ಅಕ್ಕನಿಗೆ, ಎಲ್ಲರಿಗೂ

ನಮ್ಮ ಹೆತ್ತವರ ಗುಂಪಿನ ಕೊನೆಯ ಮಗುವಿಗೂ ಈ ವಾರ ಕೇಳುವ ವಯಸ್ಸು ಒಂದು ತುಂಬಿತು. ಕಿವಿ ಕೇಳಿಸದ ಮಕ್ಕಳಿಗೆ ಆಪರೇಷನ್ ಮಾಡಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನ ಸ್ವಿಚ್ ಆನ್ ಆದ ದಿನದಿಂದ ಎಣಿಸುವ ವಯಸ್ಸು ಅದು. ಆಪರೇಷನ್ನಿನ ವಿಷಯ ನಿಮಗೆಲ್ಲ ಗೊತ್ತೇ ಇದೆ. ಡಾಕ್ಟರು, ಬೇಸರಿಸದೆ ಮ್ಯಾಪಿಂಗ್ (ಮಗುವಿಗೆ ತಕ್ಕಂತೆ ಸಾಧನದ ಹೊಂದಿಕೆ) ಮಾಡಿದ ಶ್ರವಣ ತಜ್ಞರಾದ ಆಡಿಯಾಲಜಿಸ್ಟರು, ಅಂಗವಿಕಲರಿಗೆ ಸಾಧನ ಒದಗಿಸುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯ ಅರ್ಜಿ ತುಂಬಿಕೊಟ್ಟವರು, ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಪ್ರೀಸ್ಕೂಲ್ ಟೀಚರುಗಳು, ಮಗು ಹತ್ತಿದ ಕೂಡಲೇ ಹಾಡು ನಿಲ್ಲಿಸುತ್ತಿದ್ದ ಆಟೋ ಅಣ್ಣ, ಎಲ್ಲರಿಗೂ ಕೈಮುಗಿದು ನಮಸ್ಕಾರ.

ಈ ಪತ್ರ ಬರೆಯಲು ಕೂತದ್ದು ಮಾತ್ರ ಪಕ್ಕದ ರೂಮಿನ ಅಕ್ಕನಿಗಾಗಿ. ತಮ್ಮ ಮಗಳು ಶಾಲೆಗೆ ಸೇರಿದ ಮೇಲೂ ನಮ್ಮ ಕೈ ಬಿಡದವರು ಅವರು.

ಮಗುವಿಗೆ ಸರಿಯಾಗಿ ಕೇಳಿಸುತ್ತಿದೆಯೇ ಎಂದು ನೋಡಲು ಬೆಳಿಗ್ಗೆ ಕಾಫಿಗೂ ಮೊದಲು ಆರು ಧ್ವನಿ ಎಂದು ಕಲಿಸಿದವರು ಅವರೇ: ಮ್, ಊ, ಆ, ಈ, ಶ್, ಸ್. ಮಗುವಿನ ಹಿಂದೆ ಒಂದು ಮೀಟರ್ ದೂರದಲ್ಲಿ ನಿಂತು, ಸಹಜ ದನಿಯಲ್ಲಿ ಹೇಳಬೇಕು. ಕೇಳಿಸಿದರೆ ಮಗು ಲಟ್ಟಣಿಗೆಗೆ ಒಂದು ಬಳೆ ಹಾಕುತ್ತದೆ. ಒಂದೇ ಅಂತರದಲ್ಲಿ ಹೇಳಿದರೆ ಮಗು ಲೆಕ್ಕ ಹಿಡಿದು ಹಾಕಿಬಿಡುತ್ತದೆ, ಅದಕ್ಕೆ ಒಮ್ಮೆ ಎರಡು ಸೆಕೆಂಡ್, ಒಮ್ಮೆ ಎಂಟು. ಕೇಳಿಸದಿದ್ದರೆ ಮೊದಲು ಬ್ಯಾಟರಿ, ಆಮೇಲೆ ಮೈಕ್‌ನ ಕವರ್, ಆಮೇಲೆ ತಲೆಗೆ ಅಂಟುವ ಕಾಯಿಲ್‌ನ ವೈರು ಬದಲಿಸಿ ನೋಡಬೇಕು. ‘ಬಾ’ ಎನ್ನುವಾಗ ಕೈಚಾಚಿದರೆ ಮಗು ಕೈ ನೋಡಿ ಬರುತ್ತದೆ, ಮಾತು ಕೇಳಿ ಅಲ್ಲ. ಅಕ್ಕ ನಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಸಿ ಮಾತಾಡಿಸಿದರು.

ಆ ಮಳೆಯ ರಾತ್ರಿ ನಮ್ಮಲ್ಲೊಬ್ಬರ ಮಗುವಿನ ಪ್ರೊಸೆಸರ್, ಅಂದರೆ ಇಂಪ್ಲಾಂಟಿನ ಹೊರಗಿನ ಮೆಷಿನ್, ಪೂರ್ತಿ ನೆನೆದು ನಿಂತೇಹೋಯಿತು. ಒಬ್ಬರು ಹೇರ್ ಡ್ರೈಯರ್ ತಂದರು, ಇನ್ನೊಬ್ಬರು ಅಕ್ಕಿ ಡಬ್ಬಿ. ಅಕ್ಕ ಎರಡನ್ನೂ ಪಕ್ಕಕ್ಕಿಟ್ಟರು. ಬಿಸಿಗಾಳಿ ಒಳಗಿನ ಭಾಗಗಳನ್ನು ಕೆಡಿಸುತ್ತದೆ, ಅಕ್ಕಿಯ ಹುಡಿ ಮೈಕ್‌ನ ರಂಧ್ರಕ್ಕೆ ಸೇರುತ್ತದೆ. ಬ್ಯಾಟರಿ ತೆಗೆದು, ಹತ್ತಿ ಬಟ್ಟೆಯಲ್ಲಿ ಒರೆಸಿ, ಕಾಯಿಲ್ ಬಿಡಿಸಿ, ತೇವ ಹೀರುವ ಸಿಲಿಕಾ ಹರಳಿದ್ದ ತಮ್ಮ ಡಬ್ಬಿಯೊಳಗಿಟ್ಟು ಬಿಗಿಯಾಗಿ ಮುಚ್ಚಿದರು. ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ತುಂಬಿದೆ ಎಂದರ್ಥ, ಬೇರೆ ಹಾಕಬೇಕು.

ಮಗು ಚೀರುತ್ತಿತ್ತು. ಯಾರೋ ಲೈಟ್ ಆರಿಸಲು ಹೋದಾಗ ಅಕ್ಕ ತಡೆದರು: “ಆರಿಸಬೇಡಿ, ಕತ್ತಲಾದರೆ ಅವನಿಗೆ ಅಮ್ಮನ ಮುಖವೂ ಇರಲ್ಲ.” ಕಿವಿಯಿಂದ ಮೆಷಿನ್ ತೆಗೆದ ಮೇಲೆ ಈ ಮಕ್ಕಳಿಗೆ ಉಳಿಯುವುದು ಕಣ್ಣು, ಸ್ಪರ್ಶ. ಬೆಳಗಿನವರೆಗೂ ಅಕ್ಕ ಆ ತಾಯಿಯ ಜೊತೆ ಗೋಡೆಗೊರಗಿ ಕೂತಿದ್ದರು. ಆರು ಗಂಟೆಗೆ ಬ್ಯಾಟರಿ ಹಾಕಿದಾಗ ಹಸಿರು ದೀಪ ಮಿನುಗಿತು.

‘ಗಂಡುಮಕ್ಕಳಿಗೆ ಮಾತು ತಡ’ ಎಂಬ ಸಮಾಧಾನದಲ್ಲೇ ನಮ್ಮ ಎಷ್ಟೋ ತಿಂಗಳು ಕಳೆದವು. ಹುಟ್ಟಿದ 1 ತಿಂಗಳೊಳಗೆ ಶ್ರವಣ ತಪಾಸಣೆ, 3 ತಿಂಗಳೊಳಗೆ ಬೆರಾ ಪರೀಕ್ಷೆ (ಶಬ್ದಕ್ಕೆ ಕಿವಿಯ ನರ, ಮೆದುಳು ಹೇಗೆ ಸ್ಪಂದಿಸುತ್ತವೆ ಎಂದು ನೋಡುವುದು) ಮುಗಿದು, 6 ತಿಂಗಳೊಳಗೆ ಕಿವಿಗೆ ಶ್ರವಣಯಂತ್ರ ಬರಬೇಕಿತ್ತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅಕ್ಕನೆದುರು ಅದನ್ನೇ ಹೇಳಿಕೊಂಡು ಅತ್ತಿದ್ದೇವೆ. ಅವರು ಅಳುವಷ್ಟು ಅಳಲು ಬಿಟ್ಟು, ಆಮೇಲೆ ಕೈಗೆ ಬಳೆ ಕೊಡುತ್ತಿದ್ದರು.

ಅಕ್ಕಾ, ಭಾನುವಾರ ಎಲ್ಲರೂ ಬರುತ್ತೇವೆ. ನಿಮ್ಮ ಡಬ್ಬಿಯನ್ನೂ ತರುತ್ತೇವೆ. ಹೊಸ ಹರಳು ಹಾಕಿದ್ದೇವೆ, ನೀಲಿಯಾಗಿಯೇ ಇದೆ.