ಜೈಸಲ್ಮೇರಿಗೆ ಹೊರಡುವ ಮೊದಲು

ಉಡುಪಿ

ಚಿ. ಸ್ವಾತಿಗೆ ನಿನ್ನ ಮಾವನ ಆಶೀರ್ವಾದಗಳು. ಉಭಯ ಕುಶಲೋಪರಿ.

ಡಿಸೆಂಬರ್ ಕೊನೆಗೆ ಗೆಳತಿಯರ ಜೊತೆ ರಾಜಸ್ಥಾನದ ಮರುಭೂಮಿಯ ಜೈಸಲ್ಮೇರಿಗೆ ಹೊರಟಿದ್ದೀ ಎಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಅವಳಿಗೆ ಕಳ್ಳಕಾಕರ ಹೆದರಿಕೆ. ನನಗೆ ಚಿಂತೆ ಇರುವುದು ನೀರಿನದ್ದು. ಮಂಗಳೂರಿನ ಸೆಕೆಯಲ್ಲಿ ಬೆಳೆದವರು ಬೆವರು ಇಳಿದರಷ್ಟೇ ನೀರಿಗೆ ಕೈ ಹಾಕುತ್ತಾರೆ. ಅಲ್ಲಿ ಬೆವರು ಇಳಿಯುವುದೇ ಇಲ್ಲ, ಗಾಳಿ ಅಷ್ಟು ಒಣ. ಮೈಮೇಲೆ ಕಾಣಿಸುವ ಮೊದಲೇ ಆರಿಹೋಗಿರುತ್ತದೆ. ಚಳಿಗಾಲವಾದ್ದರಿಂದ ಬಾಯಾರಿಕೆಯೂ ಅಷ್ಟಾಗಿ ಗೊತ್ತಾಗದು. ಎರಡು ದಿನ ಆರಾಮವಾಗಿ ತಿರುಗಿ, ಮೂರನೆಯ ದಿನ ತಲೆನೋವು, ಮಲಬದ್ಧತೆ, ಮೂಗಿನಲ್ಲಿ ರಕ್ತ: ನಮ್ಮ ಕಡೆಯವರು ಅಲ್ಲಿ ಮಲಗುವುದು ಹೀಗೆ.

ಆದ್ದರಿಂದ ಬಾಯಾರಿಕೆಗೆ ಕಾಯಬೇಡ. ದಿನಕ್ಕೆ ಮೂರು ಲೀಟರ್, ಹೊಯ್ಗೆಯಲ್ಲಿ, ಅಂದರೆ ಮರಳಿನಲ್ಲಿ, ನಡೆಯುವ ದಿನ ನಾಲ್ಕು. ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು. ಮೂತ್ರ ತಿಳಿ ಹಳದಿ ಇದ್ದರೆ ಸರಿ, ಕಡುಹಳದಿಗೆ ತಿರುಗಿದರೆ ನೀರು ಸಾಲದು. ಬರೀ ನೀರನ್ನೇ ಸುರಿದುಕೊಂಡರೂ ಆಗದು, ಉಪ್ಪೂ ಬೇಕು. ಓಆರ್‌ಎಸ್ (ನೀರಿಗೆ ಕಲಸಿ ಕುಡಿಯುವ ಉಪ್ಪು-ಸಕ್ಕರೆಯ ಪುಡಿ) ದೊಡ್ಡ ಪೊಟ್ಟಣ 1 ಲೀಟರಿಗೆ, ಚಿಕ್ಕದು 200 ಮಿ.ಲೀ.ಗೆ. ದೊಡ್ಡದನ್ನು ಅರ್ಧ ಲೀಟರ್ ಬಾಟಲಿಗೆ ಹಾಕಿ ಕುಡಿಯುವವರಿದ್ದಾರೆ. ಹಾಗೆ ಗಟ್ಟಿಯಾದರೆ ಅದು ಕರುಳಿನೊಳಕ್ಕೆ ಇನ್ನಷ್ಟು ನೀರು ಎಳೆದು ಭೇದಿಯನ್ನೇ ಹೆಚ್ಚಿಸುತ್ತದೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟ ಮಾಡಿದ್ದು.

ತೆಂಗಿನೆಣ್ಣೆಯನ್ನು ಸಪೂರ ಬಾಯಿಯ ಬಾಟಲಿಯಲ್ಲಿ ಒಯ್ಯಬೇಡ. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿ. ಅಲ್ಲಿ ರಾತ್ರಿ 8ಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಬಾಟಲಿ ಬುಡಮೇಲು ಮಾಡಿ ಬಡಿದರೂ ಒಂದು ಹನಿ ಬೀಳದು. ಅಗಲ ಬಾಯಿಯ ಡಬ್ಬಿಗೆ ತುಂಬಿಸಿಕೋ, ಬೆರಳಿನಲ್ಲಿ ತೋಡಿ ತೆಗೆಯಬಹುದು. ಮಲಗುವ ಮುಂಚೆ ತುಟಿಗೆ, ಹಿಮ್ಮಡಿಗೆ, ಮೂಗಿನ ಹೊಳ್ಳೆಯ ಒಳಬದಿಗೆ ತೆಳುವಾಗಿ ಸವರಿಕೊಂಡರೆ ರಕ್ತ ಬರುವ ತಾಪತ್ರಯ ಕಡಿಮೆ.

ಬಟ್ಟೆ ಹೊರೆಗಟ್ಟಲೆ ಬೇಡ. ಆಟಿಯ ಮಳೆಯಲ್ಲಿ ನಮ್ಮ ಬೈರಾಸು (ಮೈ ಒರೆಸುವ ಬಟ್ಟೆ) ಮೂರು ದಿನವಾದರೂ ಒಣಗದು. ಅಲ್ಲಿ ಬಿಸಿಲಿಗೆ ಹಾಕಿದರೆ ಗಂಟೆಯೊಳಗೆ ಗರಿಗರಿ. ಮೂರು ಜೊತೆ ಧಾರಾಳ. ಹಗಲು 25ರ ಆಸುಪಾಸು ಹಿತವಾಗಿರುತ್ತದೆ, ಆದರೆ ಮೋಡವಿಲ್ಲದ ಆಕಾಶದಡಿ ಹೊಯ್ಗೆ ಬೇಗ ತಣಿಯುವುದರಿಂದ ಹೊತ್ತು ಮುಳುಗಿದ ಗಂಟೆಯೊಳಗೆ ಹಲ್ಲು ಕಟಕಟ. ಒಂದೇ ದಪ್ಪ ಸ್ವೆಟರಿಗಿಂತ ಹತ್ತಿ ಅಂಗಿ, ಉಣ್ಣೆ, ಮೇಲೆ ಗಾಳಿ ತಡೆಯುವ ಜಾಕೆಟ್ ಹೀಗೆ ಪದರ ಪದರವಾಗಿ ಹಾಕು. ಕಾಲುಚೀಲ, ಮಂಕಿ ಕ್ಯಾಪ್ ಮರೆಯಬೇಡ. ಫ್ಯಾಷನ್ ಅಲ್ಲ ಎಂದು ನಗಬೇಡ ಮಾರಾಯ್ತಿ.

ಮರುಸಾಗರ ಎಕ್ಸ್‌ಪ್ರೆಸ್ ನಮ್ಮ ಕೊಂಕಣ ದಾರಿಯಲ್ಲೇ ಅಜ್ಮೀರಕ್ಕೆ ಹೋಗುತ್ತದೆ, ಆದರೆ ವಾರಕ್ಕೊಮ್ಮೆ. ಅಲ್ಲಿಂದ ಜೋಧಪುರ, ಜೋಧಪುರದಿಂದ ಜೈಸಲ್ಮೇರಿಗೆ ರೈಲಿನಲ್ಲಿ ಐದಾರು ಗಂಟೆ. ಸ್ಲೀಪರ್ ಬೋಗಿಯಾದರೆ ಕಿಟಕಿ ಹಾಕಿಕೊಂಡೇ ಕೂತುಕೋ, ಧೂಳು ನುಗ್ಗುತ್ತದೆ. ಸ್ಟೇಷನ್ನಿನಲ್ಲಿ, ಕೆಲವೊಮ್ಮೆ ರೈಲಿನೊಳಗೇ, ತೀರಾ ಅಗ್ಗಕ್ಕೆ ರೂಮು ಎಂದು ದಲ್ಲಾಳಿಗಳು ಮುತ್ತಿಕೊಳ್ಳುತ್ತಾರೆ. ಲಾಭ ಇರುವುದು ರೂಮಿನಲ್ಲಲ್ಲ, ಒಂಟೆ ಸಫಾರಿಯಲ್ಲಿ. ಅವರ ಸಫಾರಿ ಬೇಡವೆಂದರೆ ರೂಮು ಖಾಲಿ ಮಾಡಿ ಎನ್ನುವುದೂ ಉಂಟು. ಮೊದಲೇ ಬುಕ್ ಮಾಡು, ಸಫಾರಿಯ ಮಾತು ಬೇರೆ ಇರಲಿ. ಆಧಾರ್ ಕಾರ್ಡಿನ ಅಸಲು ಪ್ರತಿ ಕೈಯಲ್ಲಿರಲಿ.

ಕೋಟೆಯೊಳಗೇ ಉಳಿಯುವ ಆಸೆ ನಿನಗಿರಬಹುದು. ಬೇಡ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಕೋಟೆ ಅದು, 99 ಬುರುಜು, ಒಳಗೆ ಇಂದಿಗೂ ಸಂಸಾರಗಳಿವೆ. ಹಿಂದೆ ಅಲ್ಲಿ ಖರ್ಚಾಗುತ್ತಿದ್ದದ್ದು ಹೊತ್ತು ತಂದ ಕೊಡಪಾನದ ನೀರು. ನಲ್ಲಿ, ಹೋಟೆಲು, ಶೌಚಾಲಯ ಬಂದ ಮೇಲೆ ಸೋರುವ ಚರಂಡಿಯ ನೀರು ಗುಡ್ಡಕ್ಕೆ ಇಂಗಿ, ಬುಡದ ಮೆತ್ತನೆಯ ಪದರ ಸಡಿಲಾಗಿ, ಗೋಡೆ ಉಬ್ಬುತ್ತಿದೆ. ಬುರುಜುಗಳು ಕುಸಿದಿವೆ, 2024ರ ಮಳೆಗೂ ಗೋಡೆಯ ಒಂದು ಭಾಗ ಬಿತ್ತು. ಅಲ್ಲಿ ಒಬ್ಬ ಪ್ರವಾಸಿ ಮೀಯುವ ಎರಡು ಬಾಲ್ದಿ ನೀರೂ ಲೆಕ್ಕಕ್ಕೆ ಬರುತ್ತದೆ. ಪೇಟೆಯಲ್ಲಿ ಉಳಿದುಕೋ, ಮಹಡಿಯಿಂದ ಕೋಟೆ ಪೂರ್ತಿ ಕಾಣುತ್ತದೆ, ಒಳಗಿದ್ದರೆ ಕೋಟೆ ಕಾಣುವುದೆಲ್ಲಿ? ಬೆಳಿಗ್ಗೆ ಎಂಟಕ್ಕೇ ಒಳಗೆ ಹೋದರೆ ಜೈನ ಬಸದಿಗಳ ಓಣಿ ಖಾಲಿ ಇರುತ್ತದೆ. ದೇಶದ ಪಶ್ಚಿಮದ ಅಂಚಾದ್ದರಿಂದ ಆ ತಿಂಗಳು ಸೂರ್ಯ ಹುಟ್ಟುವುದೇ ಏಳೂವರೆಯ ಹತ್ತಿರ, ನಮ್ಮಂತೆ ಆರಕ್ಕೆ ಎದ್ದು ಕತ್ತಲಲ್ಲಿ ಕೂರಬೇಡ.

ಕೋಟೆಯ ಬುಡದಲ್ಲಿ ಪರವಾನಗಿಯ ಭಾಂಗ್ (ಅರೆದ ಭಂಗಿ ಸೊಪ್ಪು) ಅಂಗಡಿ ಇದೆ. ಲಸ್ಸಿಯಲ್ಲಿ ಕಲಸಿ ಕೊಡುತ್ತಾರೆ. ಕುಡಿದ ಕೂಡಲೇ ಏನೂ ಆಗುವುದಿಲ್ಲ, ಹಾಗಾಗಿ ಇನ್ನೊಂದು ಲೋಟ ಏರಿಸುತ್ತಾರೆ. ಒಂದೆರಡು ಗಂಟೆ ಬಿಟ್ಟು ಎರಡೂ ಒಟ್ಟಿಗೆ ತಲೆಗೇರುತ್ತವೆ. ಮುಟ್ಟದಿದ್ದರೆ ವಾಸಿ.

ಹೊಯ್ಗೆ ದಿಬ್ಬಕ್ಕೆ ಎಲ್ಲರೂ ಹೋಗುವುದು ಸಮ್‌ಗೆ, ಪೇಟೆಯಿಂದ ಸುಮಾರು 40 ಕಿ.ಮೀ. ವರ್ಷದ ಕೊನೆಯ ವಾರ ಅಲ್ಲಿ ಜೀಪು, ಧ್ವನಿವರ್ಧಕಗಳ ಜಾತ್ರೆ. ಖೂರಿ ಕಡೆಯ ದಿಬ್ಬ ಚಿಕ್ಕದು, ಆದರೆ ಸದ್ದು ಕಡಿಮೆ; ನನ್ನ ಮಾತು ಕೇಳುವುದಾದರೆ ಖೂರಿ. ಮುಂಗಡ ಕೊಡುವ ಮೊದಲು ಒಂಟೆಯ ಮೇಲೆ ಎಷ್ಟು ಹೊತ್ತು, ಒಬ್ಬರಿಗೆ ಎಷ್ಟು ಕಂಬಳಿ, ಸಂಗೀತ ಎಷ್ಟು ಗಂಟೆಯವರೆಗೆ, ವಾಪಸು ಬಿಡುವ ಗಾಡಿ ಯಾರದ್ದು ಎಂದು ಕೇಳಿ ವಾಟ್ಸಾಪಿನಲ್ಲಿ ಬರೆಸಿಕೋ.

ಒಂಟೆ ಏಳುವಾಗ ಹಿಂಗಾಲು ಮೊದಲು ನೆಟ್ಟಗಾಗುತ್ತದೆ, ಸವಾರ ಮುಂದಕ್ಕೆ ಮುಗ್ಗರಿಸುತ್ತಾನೆ. ಕೂರುವಾಗ ಮುಂಗಾಲು ಮೊದಲು ಮಡಿಚುತ್ತದೆ, ಆಗಲೂ ಮುಂದಕ್ಕೇ. ಹಾಗಾಗಿ ಎರಡು ಸಲವೂ ಮೈ ಹಿಂದಕ್ಕೆ ವಾಲಿಸಿ, ಒಂದು ಕೈಯಲ್ಲಿ ಜೀನಿನ ಮುಂಗೊಂಬು, ಇನ್ನೊಂದರಲ್ಲಿ ಹಿಂಬದಿ ಹಿಡಿದುಕೋ. ಆ ಹೊತ್ತಿಗೆ ಮಾತಾಡಬೇಡ, ನಾಲಗೆ ಕಚ್ಚಿಕೊಳ್ಳುತ್ತೀ. ಜೀನ್ಸ್ ಹಾಕಬೇಡ, ಒಳತೊಡೆಯ ಹೊಲಿಗೆ ಉಜ್ಜಿ ಚರ್ಮ ಕೀಳುತ್ತದೆ. ಸಡಿಲ ಹತ್ತಿಯ ಸಲ್ವಾರ್ ಒಳ್ಳೆಯದು. ಹೆಚ್ಚಿನ ಜೀನುಗಳಿಗೆ ಕಾಲಿಡುವ ರಿಕಾಪು ಇರುವುದಿಲ್ಲ, ಕಾಲು ಜೋತು ಬಿದ್ದು ಜೋಮು ಹಿಡಿಯುತ್ತದೆ. ಮೊದಲ ಸಲಕ್ಕೆ ಒಂದೂವರೆ ಗಂಟೆ ಸಾಕೋ ಸಾಕು. ಅಲ್ಲಿಯ ಹೊಯ್ಗೆ ಮಲ್ಪೆಯದಕ್ಕಿಂತ ನುಣ್ಣಗೆ, ತೇವವೇ ಇಲ್ಲದ್ದರಿಂದ ಎಲ್ಲ ಸಂದಿಗೂ ಹೋಗುತ್ತದೆ. ಕ್ಯಾಮರಾದ ಲೆನ್ಸ್ ಅಲ್ಲಿ ಬದಲಿಸಬೇಡ. ಗಾಜಿನ ಮೇಲೆ ಕೂತರೆ ಬಟ್ಟೆಯಿಂದ ಒರೆಸಬೇಡ, ಗೀರು ಬೀಳುತ್ತದೆ, ಬ್ಲೋಯರಿನಿಂದ ಊದಿಸು.

ಹಗಲಿಗೆ ಕುಲಧರಾ ನೋಡು, ಪಾಲಿವಾಲ ಬ್ರಾಹ್ಮಣರು ಬಿಟ್ಟುಹೋದ ಊರು. ಗೈಡುಗಳ ದೆವ್ವದ ಕತೆಗೆ ಕಿವಿಗೊಡದೆ ಅವರ ಖಡೀನ್ ಎಲ್ಲಿ ಎಂದು ಕೇಳು. ಇಳಿಜಾರಿನ ತಗ್ಗಿಗೆ ಮಣ್ಣಿನ ಏರಿ ಹಾಕಿ, ಮೇಲಿನ ಕಲ್ಲುನೆಲದಿಂದ ಹರಿದ ಮಳೆಯನ್ನು ಅಲ್ಲೇ ಇಂಗಿಸಿ, ಆ ತೇವದಲ್ಲೇ ಚಳಿಗಾಲದ ಗೋಧಿ, ಕಡಲೆ ಬೆಳೆಯುವ ಉಪಾಯ. ಅಲ್ಲಿ ವರ್ಷವಿಡೀ ಬೀಳುವುದು 200 ಮಿ.ಮೀ. ಆಸುಪಾಸು, ಜುಲೈಯಲ್ಲಿ ಉಡುಪಿಗೆ ಒಂದೆರಡು ದಿನ ಹಿಡಿದು ಹೊಯ್ದರೆ ಅಷ್ಟಾಗುತ್ತದೆ.

ಊಟಕ್ಕೆ ಕುಚ್ಚಲಕ್ಕಿ, ಮೀನು ನೆನೆಯಬೇಡ. ತರಕಾರಿ ವಿರಳ, ಹಾಗಾಗಿ ಮೊಸರು, ಕಡಲೆಹಿಟ್ಟಿನ ಗಟ್ಟೆ, ಒಣಗಿಸಿಟ್ಟ ಕಾಡುಕಾಯಿ, ಕೋಡುಗಳ ಕೇರ್ ಸಾಂಗ್ರಿ, ಸಜ್ಜೆ ರೊಟ್ಟಿ. ಖಾರ, ತುಪ್ಪ ಎರಡೂ ಜಾಸ್ತಿ, ಮಜ್ಜಿಗೆ ಜೊತೆಗಿರಲಿ.

ಪಾಕಿಸ್ತಾನದ ಗಡಿಯ ಹತ್ತಿರದ ತನೋಟ್ ಗುಡಿಗೆ ಸುಮಾರು 120 ಕಿ.ಮೀ. 1971ರ ಯುದ್ಧ ನಡೆದ ಲೋಂಗೇವಾಲಾವನ್ನೂ ಅದೇ ದಿನ ಮುಗಿಸಬಹುದು. ಟ್ಯಾಂಕ್ ಜೈಸಲ್ಮೇರಿನಲ್ಲೇ ತುಂಬಿಸಲು ಡ್ರೈವರಿಗೆ ಹೇಳು, ರಾಮಗಢ ದಾಟಿದ ಮೇಲೆ ಮೊಬೈಲ್ ಸಿಗ್ನಲನ್ನು ನಂಬಬೇಡ. ಗಾಳಿ ಬೀಸಿದ ದಿನ ಡಾಮರಿನ ಮೇಲೆ ಹೊಯ್ಗೆ ನಾಲಗೆ ಚಾಚಿರುತ್ತದೆ, ವೇಗದಲ್ಲಿ ಏರಿದರೆ ಗಾಡಿ ಜಾರುತ್ತದೆ. ಕತ್ತಲಾದರೆ ದನ, ಒಂಟೆ ರಸ್ತೆಗೇ ಬಂದು ನಿಲ್ಲುತ್ತವೆ. ಬೆಳಿಗ್ಗೆ ಎಂಟಕ್ಕೆ ಹೊರಟು ಐದರೊಳಗೆ ಪೇಟೆ ಸೇರು. ಹೊರಡುವಾಗ ಹೋಟೆಲಿನವರಿಗೆ ಗಾಡಿಯ ನಂಬರು ಬರೆದುಕೊಟ್ಟು, ಅದನ್ನೇ ಅಮ್ಮನಿಗೂ ಕಳಿಸು.

ಮಂಕಿ ಕ್ಯಾಪ್ ನಮ್ಮಲ್ಲಿ ಎರಡಿವೆ. ಭಾನುವಾರ ಬಂದರೆ ಅತ್ತೆ ತೆಗೆದಿಟ್ಟಿರುತ್ತಾಳೆ.

ಇಂತಿ,
ನಿನ್ನ ಮಾವ