ಬಿಸಿಲಿಗೆ ಹೆದರಿ ಬೇಸಿಗೆ ಶಿಬಿರ ನಿಲ್ಲಿಸಬೇಡಿ

ಸಂಪಾದಕರಿಗೆ ನಮಸ್ಕಾರ.

ನಾನು ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿಯವಳು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಹೋದ ಬೇಸಿಗೆಯಲ್ಲಿ ನನ್ನ ಮಗಳು ಬೀದರ್‌ನ ಒಂದು ಹಾಸ್ಟೆಲ್‌ನಲ್ಲಿ ನಡೆದ ಹನ್ನೆರಡು ದಿನದ ಗಣಿತ, ವಿಜ್ಞಾನ ಶಿಬಿರಕ್ಕೆ ಹೋಗಿದ್ದಳು. ಒಂಬತ್ತನೇ ತರಗತಿ ಮುಗಿಸಿದ ನಲವತ್ತು ಹುಡುಗಿಯರು. ಊಟ, ವಸತಿ ಎಲ್ಲಾ ಅಲ್ಲೇ. ಈ ಸಲ ಬಿಸಿಲು ಜಾಸ್ತಿ, ಶಿಬಿರ ಬೇಡ ಅನ್ನೋ ಮಾತು ಕೇಳಿಬರುತ್ತಿದೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಅಲ್ಲಿ ಒಂದು ಪದ್ಧತಿ ಇತ್ತು. ದಿನಕ್ಕೊಬ್ಬ ತಾಯಿ ಬಂದು ಮಕ್ಕಳ ಜೊತೆ ಉಳಿಯಬೇಕು. ನನ್ನ ಸರದಿ ಮೇ ಎರಡನೇ ವಾರದಲ್ಲಿ ಬಂತು.

ಬೆಳಿಗ್ಗೆ ಐದಕ್ಕೇ ಎಲ್ಲರೂ ಎದ್ದರು. ಐದೂವರೆಗೆ ಅಂಗಳದಲ್ಲಿ ಪಾಠ ಶುರು. ಆ ಹೊತ್ತಿಗೆ ಬೀದರ್‌ನಲ್ಲಿ ಗಾಳಿ ತಂಪಾಗಿರುತ್ತದೆ. ಎಂಟಕ್ಕೆ ಸುಸಲಾ, ಚಹಾ. ಒಂಬತ್ತರ ಮೇಲೆ ಎಲ್ಲರೂ ಒಳಗೆ. ಕಿಟಕಿಗಳಿಗೆ ಗೋಣಿಚೀಲ ಕಟ್ಟಿ ಗಂಟೆಗೊಮ್ಮೆ ನೀರು ಚಿಮುಕಿಸುತ್ತಿದ್ದರು. ಮಧ್ಯಾಹ್ನ ರೊಟ್ಟಿ, ಹೆಸರುಬೇಳೆ, ಬೇಕಾದಷ್ಟು ಮಜ್ಜಿಗೆ. ಆಮೇಲೆ ನಾಲ್ಕರವರೆಗೆ ಮಲಗಬಹುದು, ಓದಬಹುದು, ಯಾರೂ ಕೇಳುವುದಿಲ್ಲ. ಮತ್ತೆ ಪಾಠ ಸಂಜೆಗೆ, ರಾತ್ರಿಗೆ.

ಆದರೆ ಅವತ್ತು ಸುಡು ಮಧ್ಯಾಹ್ನದಲ್ಲೇ ಒಂದು ಕೆಲಸ ಇತ್ತು. ನಮ್ಮ ಕಡೆ ವರ್ಷದಲ್ಲಿ ಎರಡು ಸಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನಂತೆ. ಆಗ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನ ಅನ್ನುತ್ತಾರೆ. ನಲವತ್ತು ಬೇಸಿಗೆ ಕಂಡವಳು ನಾನು, ಇದು ಗೊತ್ತೇ ಇರಲಿಲ್ಲ.

ಅಂಗಳದಲ್ಲಿ ಮೂರಡಿಯ ಪೈಪ್ ನಿಲ್ಲಿಸಿದ್ದರು. ಅದು ನೆಟ್ಟಗಿದೆಯಾ ಅಂತ ಒಬ್ಬ ಹುಡುಗಿ ತೂಗುಗುಂಡು ಬಿಟ್ಟು ನೋಡಿದಳು. ಅವಳಪ್ಪ ಗೌಂಡಿ. ನೆರಳು ಅಳೆಯಲು ಸ್ಕೇಲ್ ಸಾಲದೇ ಬಂತು. ನನ್ನ ಚೀಲದಲ್ಲಿ ಯಾವಾಗಲೂ ಟೇಪ್ ಇರುತ್ತದೆ, ಕೊಟ್ಟೆ. ಇಬ್ಬಿಬ್ಬರೇ ಕೊಡೆ ಹಿಡಿದು ಹೊರಗೆ ಹೋಗಿ, ಅಳೆದು, ಓಡಿ ಬರುತ್ತಿದ್ದರು. ಹತ್ತೂಕಾಲಿಗೆ ಹತ್ತೊಂಬತ್ತೂವರೆ ಇಂಚು. ಹನ್ನೊಂದೂಕಾಲಿಗೆ ಒಂಬತ್ತೂಕಾಲು. ಹನ್ನೆರಡಕ್ಕೆ ಎರಡೂವರೆ. ನೆರಳು ಮುಗಿದೇ ಹೋಯಿತು ಅಂದುಕೊಂಡೆ. ಇನ್ನೂ ಹದಿನಾರು ನಿಮಿಷ ಇದೆ ಅಂದಳು ನನ್ನ ಮಗಳು.

12 ಗಂಟೆ 16 ನಿಮಿಷಕ್ಕೆ ಎಲ್ಲರೂ ಹೊರಗೆ ಬಂದೆವು. ಪೈಪಿನ ಬುಡದಲ್ಲಿ ನೆರಳು ಇರಲಿಲ್ಲ. ಟೇಪ್ ಹಿಡಿದ ಹುಡುಗಿ ಎಲ್ಲಿಂದ ಅಳೆಯಬೇಕು ತಿಳಿಯದೆ ಹಾಗೇ ಕೂತಿದ್ದಳು. ಸುತ್ತ ಕೂಗೋ ಕೂಗು. ನೆರಳು ಅಂದವರು ಕೆಲವರು, ಸಾವಲಿ ಅಂದವರು ಕೆಲವರು, ಸಾಯಾ, ನೀಡ. ನಮ್ಮ ಬೀದರ್ ಮಕ್ಕಳಿಗೆ ಖುಷಿಯಾದಾಗ ಕನ್ನಡ, ಮರಾಠಿ, ಉರ್ದು, ತೆಲುಗು ಅಂತ ಅವರವರ ಮನೆ ಮಾತೇ ಬಾಯಿಗೆ ಬರುತ್ತದೆ. ಐದು ನಿಮಿಷದಲ್ಲಿ ಎಲ್ಲರೂ ಮತ್ತೆ ಒಳಗೆ ಬಂದು ಮಜ್ಜಿಗೆ ಕುಡಿಯುತ್ತಿದ್ದರು.

ಹನ್ನೆರಡಕ್ಕೇ ಯಾಕೆ ಆಗಲಿಲ್ಲ ಅಂತ ನಾನು ಕೇಳಿದೆ. ಒಬ್ಬಳು ನೋಟ್‌ಬುಕ್ ತೆಗೆದು ಲೆಕ್ಕ ಬಿಡಿಸಿದಳು. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು. ಬೀದರ್ ಅದರ ಪಶ್ಚಿಮಕ್ಕೆ ಹತ್ತಿರ ಹತ್ತಿರ 5 ಡಿಗ್ರಿ. ಡಿಗ್ರಿಗೆ 4 ನಿಮಿಷ. ಹಾಗಾದರೆ 20 ನಿಮಿಷ ಆಗಬೇಕು ಅಲ್ವಾ, 16 ಹೇಗೆ? ಅದನ್ನು ಅವಳೇ ಸರ್‌ಗೆ ಕೇಳಿದಳು. ಆ ನಾಲ್ಕು ನಿಮಿಷದ ಲೆಕ್ಕ ರಾತ್ರಿ ಮಾಳಿಗೆ ಮೇಲೆ ನಡೆಯಿತು. ಭೂಮಿ ಓರೆಯಾಗಿದೆ, ಅದು ಸುತ್ತುವ ದಾರಿಯೂ ಪೂರ್ತಿ ಗುಂಡಗಿಲ್ಲ, ಹಾಗಾಗಿ ಸೂರ್ಯ ಒಮ್ಮೆ ಬೇಗ, ಒಮ್ಮೆ ತಡ. ನನಗೆ ಅರ್ಧ ತಿಳಿಯಿತು. ಹುಡುಗಿಯರು ಹತ್ತೂವರೆವರೆಗೂ ಬಿಡಲಿಲ್ಲ.

ಈ ಪಾಠ ದಿಲ್ಲಿಯ ಮಕ್ಕಳಿಗೆ ಸಿಗುವುದಿಲ್ಲ. ಕರ್ಕಾಟಕ ಸಂಕ್ರಾಂತಿ ವೃತ್ತದ ಆಚೆ ಸೂರ್ಯ ನೆತ್ತಿಗೆ ಬರುವುದೇ ಇಲ್ಲ. ನಮಗೆ ಮೇ ತಿಂಗಳಲ್ಲಿ ಬರುತ್ತಾನೆ, ಮತ್ತೆ ಆಗಸ್ಟ್ ಶುರುವಿನಲ್ಲಿ. ಆಗಸ್ಟ್‌ನಲ್ಲಿ ಮೋಡ. ಅಂದರೆ ಶಾಲೆಗೆ ರಜೆ ಇರುವಾಗಲೇ ಈ ಪಾಠ.

ಬಿಸಿಲು ಸುಳ್ಳು ಅಂತ ನಾನು ಹೇಳುತ್ತಿಲ್ಲ. ನಮ್ಮ ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ಬಂದರೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಬಿಸಿಲಿಗೆ ತಕ್ಕಂತೆ ಕಚೇರಿಯ ವೇಳೆ ಬದಲಿಸುತ್ತಾರೆ, ಕಚೇರಿ ಮುಚ್ಚುವುದಿಲ್ಲ. ಶಿಬಿರದವರೂ ಅದನ್ನೇ ಮಾಡಿದ್ದರು. ಆ ಹನ್ನೆರಡು ದಿನದಲ್ಲಿ ಒಬ್ಬ ಹುಡುಗಿಗೆ ಮೂಗಿನಿಂದ ರಕ್ತ ಬಂತು. ನರ್ಸ್ ಬಂದು ನೋಡಿದರು, ಮರುದಿನ ಅವಳು ಪಾಠಕ್ಕೆ ಕೂತಳು. ಇದನ್ನು ಮುಚ್ಚಿಡುವುದಿಲ್ಲ. ಆದರೆ ಮನೆಯಲ್ಲಿದ್ದರೆ ಈ ಹುಡುಗಿಯರು ನೆರಳಲ್ಲಿ ಇರುತ್ತಾರಾ? ಕೆಲವರು ಅಪ್ಪ ಅವ್ವನ ಜೊತೆ ಹೈದರಾಬಾದ್‌ಗೆ ಗುಳೆ ಹೋಗಿ ಕಟ್ಟಡದ ಕೆಲಸದಲ್ಲಿರುತ್ತಾರೆ. ಉಳಿದವರು ತಗಡಿನ ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಂಡಿರುತ್ತಾರೆ.

ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ನಮ್ಮ ವಿಭಾಗದ ಯಾದಗಿರಿ ಕೊನೆ, 2025ರಲ್ಲಿ ಕಲಬುರಗಿ ಕೊನೆ. ಫಲಿತಾಂಶದ ದಿನ ಎಲ್ಲರೂ ಮರುಗುತ್ತಾರೆ. ಆ ಹೊತ್ತಿಗೆ ನಮ್ಮ ಹಾಸ್ಟೆಲ್‌ಗಳಿಗೆ ಬೀಗ ಬಿದ್ದಿರುತ್ತದೆ. ಊರಲ್ಲಿ ಇಟ್ಟುಕೊಂಡು, ಊಟ ಹಾಕಿ, ಓದಿಸುವುದು ಬೀದರ್‌ಗೆ ಹೊಸದೇನಲ್ಲ. 1472ರಲ್ಲಿ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದಲ್ಲಿ ಓದುವವರಿಗೂ ಕಲಿಸುವವರಿಗೂ ಇರಲು ಕೋಣೆಗಳಿದ್ದವು. ಮಕ್ಕಳನ್ನು ಒಂದು ಬೆಳಿಗ್ಗೆ ಅಲ್ಲಿಗೂ ಕರೆದೊಯ್ದಿದ್ದರು.

ಸಂಬಂಧಪಟ್ಟವರಲ್ಲಿ ನನ್ನ ಬೇಡಿಕೆ ಇಷ್ಟು. ಶಿಬಿರ ನಿಲ್ಲಿಸಬೇಡಿ. ಎರಡು ಕೂಲರ್, ದಿನಕ್ಕೊಂದು ನೀರಿನ ಟ್ಯಾಂಕರ್, ರಾತ್ರಿ ಉಳಿಯುವ ಒಬ್ಬ ನರ್ಸ್ ಕೊಡಿ. ಸಾಧ್ಯವಾದರೆ ಪ್ರತಿ ತಾಲ್ಲೂಕಿನಲ್ಲೂ ಒಂದು ಹಾಸ್ಟೆಲ್ ತೆರೆಯಿರಿ. ಏಪ್ರಿಲ್ ಮುಗಿಯುವುದರೊಳಗೆ ತಿಳಿಸಿದರೆ ಗುಳೆ ಹೊರಟವರು ಮಕ್ಕಳನ್ನು ಬಿಟ್ಟು ಹೋಗುತ್ತಾರೆ. ನಮ್ಮೂರಲ್ಲೇ ಆರು ಹುಡುಗಿಯರು ಕೇಳುತ್ತಿದ್ದಾರೆ. ಅವರ ಹೆಸರು ಬರೆದಿಟ್ಟುಕೊಂಡಿದ್ದೇನೆ.

— ಒಬ್ಬ ತಾಯಿ, ಭಾಲ್ಕಿ ತಾಲ್ಲೂಕು, ಬೀದರ್ ಜಿಲ್ಲೆ